ಹಂಪೇಶನ ಗೈಡು

ಎಲ್ಲಕ್ಕೂ ಮೂಲ ನಾಗಲಿಂಗಮ್ಮನ ಮನೆಯ ಫೋನು. ಕೊಟ್ಟೂರಿನ ಆ ಓಣಿಗೆಲ್ಲ ಆಗ ಇದ್ದದ್ದು ಅದೊಂದೇ. ಓಣಿಯವರೆಲ್ಲ ತಮ್ಮವರಿಗೆ ಅದೇ ನಂಬರು ಕೊಟ್ಟು, ಅದು ಬೇರೆಯವರ ಮನೆಯ ಫೋನೆಂದು ತಿಳಿಯಲು ಪಕ್ಕದಲ್ಲಿ ಪಿ.ಪಿ. ಎಂದು ಬರೆಯುತ್ತಿದ್ದರು. ಫೋನು ಬಂದರೆ ನಾಗಲಿಂಗಮ್ಮ ಕರೆಯುತ್ತಿದ್ದಳು. ಕರೆಯುವ ಮೊದಲು ವಿಷಯವನ್ನೆಲ್ಲ ತಾನೇ ಕೇಳಿಕೊಂಡಿರುತ್ತಿದ್ದಳು.

ಆ ಶನಿವಾರ ಸಂಜೆ ಅವಳು ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದಳು: "ಹಂಪಣ್ಣಾ! ನಿನಗ ಗೈಡ್ ಸಿಕ್ಕಾನಂತ! ನಾಳಿ ಹತ್ತಕ್ಕ ಹಂಪ್ಯಾಗ ಗುಡಿ ಮುಂದ ನಿಂತಿರ್ತಾನಂತ!"

ಹಂಪೇಶ ಕಾಲೇಜಿನಲ್ಲಿ ಕಾಮರ್ಸ್ ಹೇಳುವ ಮೇಷ್ಟ್ರು. ಓಣಿಗೆ ಮಾತ್ರ ಹಂಪಣ್ಣ. ಅವನ ಹಾಸಿಗೆಯ ಮೇಲಿನ ಗೋಡೆಯಲ್ಲಿ ಪ್ರಪಂಚದ ದೊಡ್ಡ ನಕ್ಷೆಯಿತ್ತು. ಮಲಗಿದರೆ ಕಣ್ಣಿಗೆ ಬೀಳುವುದು ಸಿಂಗಪುರ, ಮಗ್ಗುಲಾದರೆ ಹ್ಯಾಂಬರ್ಗ್. ಹಡಗಿಗೆ ಸರಕು ಹೇರುವ ಕಾಗದಪತ್ರಗಳ ಬಗ್ಗೆ ಗಂಟೆಗಟ್ಟಲೆ ಪಾಠ ಮಾಡುವ ಈ ಮನುಷ್ಯ ಸಮುದ್ರವನ್ನು ಕಂಡಿರಲಿಲ್ಲ. ಅವನಿಗೆ ಬಡ್ತಿಯ ಆಸೆಯೂ ಅಷ್ಟಿರಲಿಲ್ಲ. ಎಲ್ಲೋ ಜಪಾನಿನಲ್ಲಿ ಒಬ್ಬನಿಗೆ ಹೊಳೆದ ಹೊಸ ಉಪಾಯ ಎಷ್ಟು ದೇಶ, ಎಷ್ಟು ಕೈ ದಾಟಿ ಕೊಟ್ಟೂರಿನ ಅಂಗಡಿಗೆ ಬಂದು ಕೂರುತ್ತದೆ ಎಂದು ತಿಳಿಯಬೇಕು, ಬರೆಯಬೇಕು, ಅದನ್ನೇ ಯೋಚಿಸುವ ಜನರ ನಡುವೆ ಒಮ್ಮೆಯಾದರೂ ಕೂತು ಮಾತಾಡಬೇಕು. ಅದಕ್ಕೇ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಪಿಎಚ್.ಡಿ. ಮಾಡಲು ಹಂಬಲಿಸಿ ಹಂಬಲಿಸಿ ಅವನ ತಲೆ ಬೆಳ್ಳಗಾಗತೊಡಗಿತ್ತು. ಗೈಡ್ ಇಲ್ಲದೆ ಸೇರಿಸಿಕೊಳ್ಳುವುದಿಲ್ಲ, ಯಾವ ಗೈಡ್ ಹತ್ತಿರವೂ ಸೀಟಿಲ್ಲ. ಕೊನೆಗೆ ದೂರದ ಪ್ರೊಫೆಸರ್ ವೀರಭದ್ರಯ್ಯನವರ ಬಳಿ ಒಂದು ಸೀಟು ಖಾಲಿಯಿತ್ತು. ಹೊಸಪೇಟೆಗೆ ಸೆಮಿನಾರಿಗೆ ಬಂದವರು ಭಾನುವಾರ ಹಂಪಿ ನೋಡಲು ಹೋಗುತ್ತಾರೆ, ಅಲ್ಲಿಯೇ ಬಂದು ಕಾಣಲಿ, ಹಿಡಿಸಿದರೆ ಸೀಟು ಅವನಿಗೇ ಎಂದು ಫೋನಿನಲ್ಲಿ ನಾಗಲಿಂಗಮ್ಮನಿಗೆ ಹೇಳಿದ್ದರು.

ಬೆಳಿಗ್ಗೆ ಹಂಪೇಶ ಫೈಲು ಹಿಡಿದು ಬಸ್ಸಿಗೆಂದು ಹೊರಬಿದ್ದರೆ, ಬಾಗಿಲಲ್ಲೇ ಓಣಿಯ ಮೆಕ್ಯಾನಿಕ್ ಮಸ್ತಾನಸಾಬನ ಮಟಡೋರು ವ್ಯಾನು ಗುರುಗುಟ್ಟುತ್ತಿತ್ತು. ಒಳಗೆ ಅರ್ಧ ಓಣಿ, ರೊಟ್ಟಿ ಬುಟ್ಟಿ, ಕೆಂಪು ಚಟ್ನಿಯ ಡಬರಿ.

"ಒಬ್ಬನಿಗೆ ಒಬ್ಬ ಗೈಡ್ ಯಾಕೋ ಹಂಪಣ್ಣ? ಅವ ಹೆಂಗೂ ಹೇಳ್ತಾನ, ನಾವೂ ಕೇಳ್ತೀವಿ" ಎಂದ ಕಿರಾಣಿ ಅಂಗಡಿಯ ಪಂಚಾಕ್ಷರಪ್ಪ.

"ಅಯ್ಯೋ, ಆ ಗೈಡ್ ಅಲ್ರೀ! ಪಿಎಚ್.ಡಿ. ಗೈಡ್!"

"ಯಾವದಾರ ಇರ್ಲಿ ಬಿಡು. ಕನ್ನಡ ಬರ್ತೈತಿಲ್ಲೋ?" ಎಂದಳು ನಾಗಲಿಂಗಮ್ಮ. ಅವನ ಕೈಯಿಂದ ಫೈಲು ಇಸಿದುಕೊಂಡು, ತುಳುಕದಿರಲಿ ಎಂದು ಚಟ್ನಿ ಡಬರಿಯ ಮೇಲೆ ಮುಚ್ಚಿದಳು.

"ಬಸ್ಸಿಗಿಂತ ಮದ್ಲ ಮುಟ್ಟಸ್ತೀನಿ, ಹತ್ರಿ ಮೇಷ್ಟ್ರೇ" ಎಂದು ಮಸ್ತಾನಸಾಬ ಆಣೆ ಮಾಡಿದ. ಹಂಪೇಶ ಹತ್ತಿದ.

ಹಗರಿಬೊಮ್ಮನಹಳ್ಳಿಯಲ್ಲಿ ಪಂಚಾಕ್ಷರಪ್ಪ "ಮಗಳ ಮನ್ಯಾಗ ಎರಡ ನಿಮಿಷ" ಎಂದು ಇಳಿದ. ಬೀಗರು ಬಿಟ್ಟಾರೆಯೇ? ಎಲ್ಲರಿಗೂ ಉಪ್ಪಿಟ್ಟಾಯಿತು, ಚಹಾ ಆಯಿತು. ಮರಿಯಮ್ಮನಹಳ್ಳಿ ದಾಟುವಾಗ ಗಾಲಿ ಪಂಚರಾಯಿತು. ಸ್ಟೆಪ್ನಿ ತೆಗೆದರೆ ಅದೂ ಪಂಚರು.

"ಏನ್ ಸಾಬಣ್ಣ, ನೀವು ಮೆಕ್ಯಾನಿಕ್ ಅಲ್ಲೇನ್ರಿ?" ಹಂಪೇಶನಿಗೆ ಅಳು ಬರುವುದೊಂದು ಬಾಕಿ.

"ಊರ ಗಾಡಿ ರಿಪೇರಿ ಮಾಡೋದ್ರಾಗ ನನ್ನ ಗಾಡಿ ನೋಡಾಕ ಪುರುಸೊತ್ತು ಎಲ್ಲೈತ್ರಿ ಮೇಷ್ಟ್ರೇ?"

ಮಸ್ತಾನಸಾಬ ಗಾಲಿ ಉರುಳಿಸಿಕೊಂಡು ಹೋದ. ಹಂಪೇಶ ರಸ್ತೆಯ ಬದಿಗೆ ನಿಂತು ತುಂಗಭದ್ರೆಯ ಹಿನ್ನೀರನ್ನು ನೋಡಿದ. ಅವನು ಬದುಕಿನಲ್ಲಿ ಕಂಡ ಅತಿ ದೊಡ್ಡ ನೀರು ಅದು. ಆಚೆ ದಡ ಕಾಣುತ್ತಿತ್ತು, ಅದೇ ಅವನಿಗೆ ಬೇಸರ.

ಹಂಪಿ ಮುಟ್ಟಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಹಂಪೇಶ ಗುಡಿಯ ಮುಂದೆ ಓಡಿದ. ಪ್ರಪಂಚದ ವ್ಯಾಪಾರವನ್ನೆಲ್ಲ ಅರೆದು ಕುಡಿದವರೆಂದರೆ ಸೂಟು, ಟೈ, ಕೈಯಲ್ಲಿ ಬ್ರೀಫ್‌ಕೇಸು ಇರಲೇಬೇಕೆಂದು ಅವನ ಎಣಿಕೆ. ಬಾಳೆಹಣ್ಣಿನವಳನ್ನು ಕೇಳಿದ, ಚಪ್ಪಲಿ ಕಾಯುವವನನ್ನು ಕೇಳಿದ. ಸೂಟಿನವರನ್ನು ಯಾರೂ ಕಂಡಿರಲಿಲ್ಲ. ಸುತ್ತಿ ಸುತ್ತಿ ಸೋತು ಬಂದು, ಬಜಾರದ ಕಲ್ಲುಮಂಟಪದ ಮೆಟ್ಟಿಲ ಮೇಲೆ ಕುಸಿದು ಕೂತ. ಇನ್ನು ತನ್ನ ಪಾಲಿಗೆ ನಕ್ಷೆಯೊಂದೇ ಎಂದುಕೊಂಡ.

"ಗೈಡ್ ಬರ್ಲಿಲ್ಲಂದ್ರ ಹೋಗ್ಲಿ ಬಿಡು ತಮ್ಮಾ" ಎಂದಳು ನಾಗಲಿಂಗಮ್ಮ. "ನೀನ ಹೇಳು. ಅಷ್ಟು ಓದೀದಿ. ಈ ಕಲ್ಲಿನ ಕಟ್ಟಿ ಏನಿವು?"

"ಅಂಗಡಿ" ಎಂದ ಹಂಪೇಶ ಬೇಸರದಿಂದ. ಆಮೇಲೆ ಸುಮ್ಮನಿರಲಾಗಲಿಲ್ಲ. "ಈ ಬೀದ್ಯಾಗ ಅರಬರ ಕುದುರಿ ಬರ್ತಿದ್ವು, ಸಮುದ್ರ ದಾಟಿ. ದಾರ್‍ಯಾಗ ಸತ್ತ ಕುದುರಿದು ಬಾಲ ತಂದು ತೋರಿಸಿದ್ರೂ ಸಾಕು, ರಾಜ ರೊಕ್ಕ ಕೊಡ್ತಿದ್ದನಂತ."

"ಬಾಲಕ್ಕ ರೊಕ್ಕ?" ಪಂಚಾಕ್ಷರಪ್ಪನಿಗೆ ಎದೆ ಧಸಕ್ಕೆಂದಿತು. "ಹಿಂಗ ಮಾಡಿದ್ರ ಅಂಗಡಿ ಉಳೀತೈತೇನೋ?"

"ಅದರಾಗ ಐತ್ರಿ ಉಪಾಯ! ಸಮುದ್ರದ ಲುಕ್ಸಾನು ರಾಜಂದು ಅಂದಮ್ಯಾಲೆ ವ್ಯಾಪಾರಿ ಬ್ಯಾರೆ ರಾಜನ ಕಡಿ ಯಾಕ ಹೋಗ್ತಾನ? ಕುದುರಿ ಎಲ್ಲಾ ಇಲ್ಲಿಗೇ. ಈಗಿನ ಇನ್ಶೂರೆನ್ಸು ಇದರ ಮೊಮ್ಮಗ!"

ಹಂಪೇಶ ಎದ್ದು ನಿಂತಿದ್ದ. ಯಾವ ಕ್ಲಾಸಿನಲ್ಲೂ ಅವನು ಹಾಗೆ ಮಾತಾಡಿರಲಿಲ್ಲ. ತಲೆಗೆ ಟವೆಲ್ ಸುತ್ತಿ, ಚಡ್ಡಿ ತೊಟ್ಟು, ಉಪ್ಪು ಖಾರ ಹಚ್ಚಿದ ಸೌತೆಕಾಯಿ ತಿನ್ನುತ್ತಿದ್ದ ಒಬ್ಬ ಹಿರಿಯರು ಬಾಲದ ಮಾತು ಕಿವಿಗೆ ಬಿದ್ದು ಬಂದು ಗುಂಪಿಗೆ ಸೇರಿಕೊಂಡರು. ಓಣಿಯವರಂತೆ ಹಂಪಣ್ಣ ಎಂದೇ ಕರೆದು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ನಡುವೆ ಕೈ ಎತ್ತಿದರು.

"ಒಂದ್ನಿಮಿಷ ಹಂಪಣ್ಣ, ಬೂತಿಗೆ ಹೋಗಿ ಒಂದು ಫೋನ್ ಮಾಡಿ ಬರ್ತೀನಿ. ನಾನು ಬರೋವರೆಗೂ ಮುಂದಕ್ಕೆ ಹೇಳ್ಬೇಡಿ."

ಹಂಪೇಶ ಇಡೀ ಓಣಿಯನ್ನು ಬಿಸಿಲಲ್ಲಿ ತಡೆದು ನಿಲ್ಲಿಸಿ ಅವರಿಗಾಗಿ ಕಾದ. ತನ್ನ ಮಾತು ಯಾರೋ ಒಬ್ಬರಿಗಾದರೂ ಬೇಕಾಯಿತಲ್ಲ ಎಂದು ಅವನಿಗೆ ಹಿಗ್ಗು.

ಇಳಿಹೊತ್ತಿಗೆ ಎಲ್ಲ ಮುಗಿದ ಮೇಲೆ ಆ ಹಿರಿಯರು ಅವನ ಜೇಬಿಗೆ ಒಂದು ನೋಟು ತುರುಕಿದರು. "ನಿಮ್ಮಂಥ ಗೈಡ್ ನಾನು ಕಂಡಿಲ್ಲ. ಇಲ್ಲಿ ಯಾರೋ ಒಬ್ಬ ಪಿಎಚ್.ಡಿ. ಸೀಟು ಬೇಕು ಅಂತ ಬರ್ತೀನಿ ಅಂದಿದ್ದ, ಪುಣ್ಯಾತ್ಮ ಬರಲೇ ಇಲ್ಲ. ನೀವು ಕುದುರೆ ಬಾಲದ ಕತೆ ಹೇಳಿದ ಕೂಡಲೇ ಹೋಗಿ ಫೋನ್ ಮಾಡಿ ಇನ್ನೊಬ್ಬ ಹುಡುಗನಿಗೆ ಸೀಟು ಕೊಟ್ಬಿಟ್ಟೆ. ವಿಷಯವೂ ಅದೇ, ಕುದುರೆ ಬಾಲ! ಅವನಿಗೆ ಇದೆಲ್ಲ ತೋರಿಸೋಕೆ ನೀವೇ ಗೈಡ್ ಆಗ್ಬೇಕು."

ಉತ್ತರ ಕೊಟ್ಟವಳು ನಾಗಲಿಂಗಮ್ಮ: "ಆಗ್ತಾನ ಬಿಡ್ರಿ! ಬರಕೊಳ್ರಿ ನಮ್ಮ ನಂಬರು, ಪಿ.ಪಿ." ಎಂದು ಒಂದೊಂದೇ ಅಂಕಿ ಹೇಳಿದಳು.

ಬರೆಯುತ್ತಿದ್ದ ಪ್ರೊಫೆಸರರ ಪೆನ್ನು ನಿಂತಿತು. "ನಿನ್ನೆ ನಾನು ಮಾಡಿದ್ದು ಇದೇ ನಂಬರಲ್ವೇ? ಆ ಹಂಪೇಶ್..."

"ನಾನರೀ ಸರ್" ಎಂದ ಹಂಪೇಶ, ಕೇಳಿಸಿಯೂ ಕೇಳಿಸದಂತೆ. ಮಸ್ತಾನಸಾಬ ಓಡಿ ಹೋಗಿ ಡಬರಿಯ ಮೇಲಿದ್ದ ಫೈಲು ತಂದುಕೊಟ್ಟ. ಅದರ ಹಿಂಬದಿಯೆಲ್ಲ ಕೆಂಪಗಾಗಿತ್ತು.

ವೀರಭದ್ರಯ್ಯನವರು ಟವೆಲಿನಿಂದ ಮುಖ ಒರೆಸಿಕೊಂಡರು. "ಛೆ! ಎಂಥಾ ಕೆಲಸ ಆಯ್ತು. ಕೊಟ್ಟ ಮಾತು, ಆ ಹುಡುಗ ಮನೇಲಿ ಸಿಹಿ ಹಂಚ್ತಿದಾನೆ. ಅವನು ಮುಗಿಸಿದ ಮೇಲೆ ಸೀಟು ನಿಮಗೇ." ಸ್ವಲ್ಪ ಯೋಚಿಸಿ ಸಮಾಧಾನ ಹೇಳಿದರು: "ನೀವು ಚೆನ್ನಾಗಿ ಗೈಡ್ ಮಾಡಿದ್ರೆ ಬೇಗ ಮುಗಿಸ್ತಾನೆ."

ವಾಪಸ್ಸಾಗುವಾಗ ಹಿನ್ನೀರಿನ ಮೇಲೆ ಸಂಜೆಗೆಂಪು ಹರಡಿತ್ತು. ಹಂಪೇಶ ಕಿಟಕಿಗೆ ತಲೆ ಆನಿಸಿ ಆಚೆ ದಡ ಮಬ್ಬಾಗುವವರೆಗೂ ನೋಡಿದ. ಕತ್ತಲಲ್ಲಿ ಅದು ಥೇಟು ಸಮುದ್ರದಂತೆಯೇ ಇತ್ತು.

ಓಣಿಯಲ್ಲಿ ಇಳಿಯುತ್ತಿದ್ದಂತೆ ಫೋನು ಬಡಿದುಕೊಳ್ಳುತ್ತಿತ್ತು. ನಾಗಲಿಂಗಮ್ಮ ಓಡಿ ಹೋಗಿ ಎತ್ತಿಕೊಂಡು, ಯಥಾಪ್ರಕಾರ ಎಲ್ಲ ವಿಚಾರಿಸಿ, ಬಾಗಿಲಿಗೆ ಬಂದು ಕೂಗಿದಳು: "ಹಂಪಣ್ಣಾ, ಆ ಹುಡುಗಂದು ಫೋನು! ಬಾಲದ್ದು ಏನೋ ಕೇಳಾಕತ್ಯಾನ. ಗೈಡ್ ಸರ್ ಅದಾರೇನ್ರಿ ಅಂತಾನ!"

ಹಂಪೇಶ ಚಟ್ನಿ ಮೆತ್ತಿದ ಫೈಲನ್ನು ಕಂಕುಳಲ್ಲಿ ಇರುಕಿಕೊಂಡ. ಆಮೇಲೆ ಹೋಗಿ ಫೋನು ತೆಗೆದುಕೊಂಡ. ಒಮ್ಮೆ ಹೇಳಲು ಶುರುಮಾಡಿದರೆ ನಿಲ್ಲಿಸುವುದು ಅವನಿಗೆ ಬರುತ್ತಿರಲಿಲ್ಲ.