ದೊರೆ ಬಂಗಲೆಯ ಪುಂಡಿ

ಬಸಲಿಂಗ ಆ ಶನಿವಾರ ಸಂಜೆ ಒಂದು ಘನಘೋರ ಪ್ರತಿಜ್ಞೆ ಮಾಡಿದ. ನಾಳೆ ಹೆಂಡತಿ ಮಹಾನಂದಾಳಿಗೆ ಎಂಥಾ ತೋಟ ತೋರಿಸಬೇಕೆಂದರೆ, ಅವಳು ತವರುಮನೆಯನ್ನೇ ಮರೆತುಬಿಡಬೇಕು! ಮರೆಯದಿದ್ದರೆ ತನ್ನ ಹೆಸರು ಬಸಲಿಂಗನೇ ಅಲ್ಲ.

ಇಷ್ಟು ದೊಡ್ಡ ಶಪಥಕ್ಕೆ ಕಾರಣ ನಾಗರ ಪಂಚಮಿ. ಹಬ್ಬಕ್ಕೆ ಇನ್ನು ಹತ್ತೇ ದಿನ. ಸಿಂದಗಿ ಕಡೆಯ ಹೆಣ್ಣುಮಕ್ಕಳಿಗೆ ಪಂಚಮಿಯೆಂದರೆ ತವರು, ತವರೆಂದರೆ ಪಂಚಮಿ. ಹೋದ ವರ್ಷ ಎಂಟು ದಿನಕ್ಕೆಂದು ಹೋದವಳು ಇಪ್ಪತ್ತೆರಡನೆಯ ದಿನ ಬಂದಿದ್ದಳು. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮುಂದೆ ನಿಂತು ಕಬ್ಬಿಣವನ್ನೇ ಬಗ್ಗಿಸುವ ಈ ಮಹಾವೀರ, ಆ ಇಪ್ಪತ್ತೆರಡು ದಿನ ಮೆಸ್ಸಿನ ಮುದ್ದೆ ಅನ್ನದ ಮುಂದೆ ತಾನೇ ಮುದ್ದೆಯಾಗಿ ಕೂತಿದ್ದ. ರಾಜಗೋಪಾಲನಗರದ ಒಂದೇ ಕೋಣೆಯ ಬಾಡಿಗೆ ಮನೆ ಅವನಿಗೆ ಮೈದಾನದಷ್ಟು ದೊಡ್ಡದಾಗಿ ಕಂಡಿತ್ತು. ಹಾಗೆಂದು ಬಾಯಿಬಿಟ್ಟು ಹೇಳಿದರೆ ಗಂಡಸಿನ ಮರ್ಯಾದೆ ಏನಾಗಬೇಕು? ಅದಕ್ಕೇ ಈ ಸಲ ಬಸ್ಸಿನ ಗದ್ದಲ, ರೊಟ್ಟಿಯ ತಾಪತ್ರಯ ಎಂದೆಲ್ಲ ನೆವ ಹೇಳುತ್ತಿದ್ದ.

"ಆ ಊರಾಗ ಏನೈತಿ ಅಂತ ಹೋಗ್ತಿ? ನಾಳೆ ವೈಟ್‌ಫೀಲ್ಡಿಗೆ ನಡಿ. ಅಲ್ಲೊಂದು ದೊರಿ ಬಂಗ್ಲೆ ಐತಿ. ನೂರು ವರ್ಷದ ಹಿಂದ ಇಂಗ್ಲಿಷ್ ದೊರಿ ಹಡಗಿನಾಗ ಗಿಡ ತರಿಸಿ ಹಚ್ಚ್ಯಾನ. ಎಲ್ಲಾ ಫಾರಿನ್ ಗಿಡ. ನೋಡಿದ ಮ್ಯಾಲ ಪಂಚಮಿ ಅಂದಿ ಅಂದ್ರ ಕೇಳು."

"ನೋಡೂಣಂತ," ಎಂದಳು ಮಹಾನಂದಾ. ಆ 'ನೋಡೂಣ'ದಲ್ಲಿ ಒಪ್ಪಿಗೆ ಎಷ್ಟಿತ್ತು, ಅನುಮಾನ ಎಷ್ಟಿತ್ತು ಎಂಬುದು ಬಸಲಿಂಗನಿಗೆ ತಿಳಿಯಲಿಲ್ಲ.

ಭಾನುವಾರ ಎರಡು ಬಸ್ಸು ಬದಲಿಸಿ, ಮಾರತ್ತಹಳ್ಳಿ ಸೇತುವೆಯ ಹತ್ತಿರ ಮುಕ್ಕಾಲು ಗಂಟೆ ನಿಂತಲ್ಲೇ ನಿಂತು, ಅಂತೂ ಬಂಗಲೆ ಮುಟ್ಟಿದರು. ಸುತ್ತ ಗಾಜಿನ ಆಫೀಸುಗಳು, ನಡುವೆ ಕೆಂಪು ಹೆಂಚಿನ ಹಳೆಯ ಬಂಗಲೆ, ಅದರ ಸುತ್ತ ತೋಟ. ಗೇಟಿನಲ್ಲೇ ಬಸಲಿಂಗ ಹೆಂಡತಿಗೆ ನೀತಿಸಂಹಿತೆ ಓದಿದ: ಗಟ್ಟಿ ಮಾತಾಡಬಾರದು, ಏನನ್ನೂ ಮುಟ್ಟಬಾರದು, ಹುಲ್ಲಿನ ಮೇಲೆ ಬುತ್ತಿ ಬಿಚ್ಚಬಾರದು.

"ಉಸಿರಾಡಬಹುದೇನ್ರೀ?" ಎಂದು ಕೇಳಿ ಅವಳು ಒಳಗೆ ನಡೆದಳು.

ಮೊದಲ ಗಿಡದ ಮುಂದೆ ಬಸಲಿಂಗ ಎದೆಯುಬ್ಬಿಸಿ ನಿಂತು ಬೋರ್ಡು ಓದಿದ. "ನೋಡು, ಮೆಕ್ಸಿಕೋ ದೇಶದ್ದು!"

ಮಹಾನಂದಾ ಸೆರಗು ಸರಿಮಾಡಿಕೊಂಡು ದಿಟ್ಟಿಸಿದಳು. "ಪಾಪಾಸಕಳ್ಳಿ. ನಮ್ಮಪ್ಪನ ಹೊಲದ ಬದುವಿನಾಗ ರಗಡ ಐತಿ. ಆಡು ಸುದ್ದಾ ತಿನ್ನೂದಿಲ್ಲ."

ಎರಡನೆಯ ಗಿಡಕ್ಕೆ ಸುತ್ತ ಕಲ್ಲುಕಟ್ಟೆ ಇತ್ತು. ಅದೂ ಅಮೆರಿಕದ ಕಡೆಯದು. "ಕತ್ತಾಳಿ ಅಲ್ಲೇನ್ರೀ? ನಮ್ಮಪ್ಪ ಇದರಾಗ ಹಗ್ಗ ಹೊಸೀತಾನ. ಪಾಪ, ಈ ಸಲ ಅವಂಗ ಮಣಕಾಲು ನೋವಂತ."

ಬಸಲಿಂಗನಿಗೆ ಬೆವರು ಬಂತು. ಯಾವ ಖಂಡದ ಗಿಡ ತೋರಿಸಿದರೂ ಅದರ ಬೇರು ನೇರವಾಗಿ ಮಾವನ ಹೊಲಕ್ಕೇ ಹೋಗಿ ಮುಟ್ಟುತ್ತಿತ್ತು. ಅರ್ಧ ತೋಟ ಮುಗಿಯುವಷ್ಟರಲ್ಲಿ ಮಹಾನಂದಾ ಅಪ್ಪನನ್ನು, ಅವ್ವನನ್ನು, ಎರಡು ಎಮ್ಮೆಗಳನ್ನು ನೆನೆಸಿಕೊಂಡು ಮೂಗು ಒರೆಸಿಕೊಳ್ಳತೊಡಗಿದಳು. ದೊರೆ ಹಡಗಿನಲ್ಲಿ ತರಿಸಿದ್ದೆಲ್ಲ ಸಿಂದಗಿಯಿಂದಲೇ ಇರಬೇಕೆಂದು ಬಸಲಿಂಗನಿಗೆ ಗುಮಾನಿ ಹತ್ತಿತು. "ನೀ ಇಲ್ಲೇ ನಿಲ್ಲು. ಖರೇ ಫಾರಿನ್ ಗಿಡ ಎಲ್ಲದಾವು ಕೇಳಿ ಬರ್ತೀನಿ," ಎಂದು ಬಂಗಲೆಯತ್ತ ಓಡಿದ.

ಅವನು ಅತ್ತ ಹೋದದ್ದೇ ತಡ, ಮಹಾನಂದಾಳ ಕಣ್ಣು ತೋಟದ ನಟ್ಟನಡುವಿನ ದುಂಡನೆಯ ಪಾತಿಗೆ ಬಿತ್ತು. ಸುತ್ತ ಸರಪಳಿ, ಹಿತ್ತಾಳೆಯ ಫಲಕ, ಒಳಗೆ ಕೆಂಪು ಕಾಂಡದ ಎಳೆ ಗಿಡಗಳು. ಬೆಂಗಳೂರಿಗೆ ಬಂದು ಆರು ವರ್ಷ, ಇಷ್ಟು ಎಳೆಯದನ್ನು ಅವಳು ಕಣ್ಣಾರೆ ಕಂಡಿರಲಿಲ್ಲ.

"ಪುಂಡಿ!" ಎಂದು ಕೂಗಿಯೇಬಿಟ್ಟಳು.

ನಮ್ಮ ಉತ್ತರದ ಕಡೆ ರೊಟ್ಟಿಗೆ ಪುಂಡಿ ಸೊಪ್ಪಿನ ಹುಳಿಪಲ್ಯ ಬಿದ್ದರೆ ಊಟ, ಇಲ್ಲವಾದರೆ ಬರಿ ಹೊಟ್ಟೆ ತುಂಬಿಸುವ ಕೆಲಸ. ಮಹಾನಂದಾಳಿಗೆ ಸರಪಳಿ ಕಾಣಲಿಲ್ಲ, ಫಲಕ ಕಾಣಲಿಲ್ಲ. ಕೈ ತಾನಾಗಿ ಕುಡಿ ಚಿವುಟಿತು, ಉಡಿ ತಾನಾಗಿ ತುಂಬತೊಡಗಿತು.

ಪಾತಿಯ ಆಚೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದವಳು ಕಮಲಮ್ಮ. ಅಲ್ಲಿಯದೇ ಹಳ್ಳಿಯ ಹೆಂಗಸು, ಹತ್ತು ವರ್ಷದಿಂದ ಆ ತೋಟದ ಮಾಲಿ. ಪುಂಡ ಎಂದರೆ ಪೋಕರಿ ಎಂದಷ್ಟೇ ಬಲ್ಲವಳು. ಯಾರೋ ತನ್ನ ತಲೆಯ ಮೇಲೇ ನಿಂತು 'ಪುಂಡಿ' ಎಂದು ಕೂಗಿದರೆ ಸುಮ್ಮನಿದ್ದಾಳೆಯೇ? ಕುಡುಗೋಲು ಹಿಡಿದುಕೊಂಡೇ ಎದ್ದು ನಿಂತಳು.

"ಯಾರ್‌ನಮ್ಮ ನೀನು ಪುಂಡಿ ಅಂದಿದ್ದು?"

"ಇದಕ್ಕ ರೀ," ಎಂದು ಮಹಾನಂದಾ ಗಿಡದತ್ತ ಬೆರಳು ಮಾಡಿದಳು. ಗಿಡದ ಹಿಂದೆ ಕಮಲಮ್ಮ ಇದ್ದುದರಿಂದ ಬೆರಳು ನೆಟ್ಟಗೆ ಕಮಲಮ್ಮನ ಮೂಗಿಗೇ ಗುರಿಯಾಯಿತು.

"ಇದಕ್ಕಾ? ನಾನು ನಿಂಗೆ ಇದಾ? ಗಿಡ ಕಿತ್ತಿದ್ದೂ ಅಲ್ದೆ ಬೈತೀಯಾ? ತಪ್ಪಲ್ವಾ ಇದು?"

ಮಹಾನಂದಾಳಿಗೆ ಖುಷಿಯಾಯಿತು. ಅಂತೂ ಈ ಊರಲ್ಲಿ ಸೊಪ್ಪಿಗೆ 'ತಪ್ಪಲ' ಎನ್ನಬಲ್ಲವರು ಒಬ್ಬರಾದರೂ ಸಿಕ್ಕರಲ್ಲ! "ಹೌದ್ರೀ ಅಕ್ಕಾರ, ತಪ್ಪಲ."

"ತಪ್ಪಲ್ಲ ಅಂತೀಯಾ?"

"ತಪ್ಪಲ ರೀ. ಪುಂಡಿ ತಪ್ಪಲ."

"ಇನ್ನೊಂದ್ಸಲ ಏಳು ನೋಡೋಣ."

"ಪುಂಡಿ, ತಪ್ಪಲ," ಎಂದು ಮಹಾನಂದಾ, ಕಿವಿ ಮಂದವಿರಬೇಕು ಪಾಪ ಎಂದುಕೊಂಡು, ಬಿಡಿಸಿ ಬಿಡಿಸಿ ಗಟ್ಟಿಯಾಗಿ ಹೇಳಿದಳು.

ಬಸಲಿಂಗ ಮರಳಿ ಬಂದಾಗ ಪಾತಿಯ ಸುತ್ತ ಜನವೋ ಜನ. ನಡುವೆ 'ನನ್ನ ಪುಂಡಿ ಅಂದ್ಳು, ಕಿತ್ತಿದ್ದು ತಪ್ಪಲ್ಲ ಅಂತಾಳೆ' ಎಂದು ದೂರುತ್ತ ಕುಡುಗೋಲು ಹಿಡಿದ ಕಮಲಮ್ಮ, ಉಡಿ ತುಂಬ ಸೊಪ್ಪು ತುಂಬಿಕೊಂಡ ಅರ್ಧಾಂಗಿ, ಮತ್ತು ತೋಟದ ಮೇಲ್ವಿಚಾರಕ ವೆಂಕಟರಮಣಪ್ಪನವರು. ಸಸ್ಯಶಾಸ್ತ್ರದ ಮೇಷ್ಟರಾಗಿ ನಿವೃತ್ತರಾದವರು, ಗಿಡಗಳನ್ನು ಲ್ಯಾಟಿನ್ನಿನಲ್ಲೇ ಮಾತಾಡಿಸುವವರು. ಬಸಲಿಂಗ ತಕ್ಷಣ ಪಕ್ಕದ ಫಲಕವೊಂದನ್ನು ತದೇಕಚಿತ್ತದಿಂದ ಓದಲು ನಿಂತ. ಅದರ ಮೇಲೆ 'ಕಸ ಇಲ್ಲಿ ಹಾಕಿ' ಎಂದಷ್ಟೇ ಇತ್ತು.

"ಯಾರ ಜೊತೆ ಬಂದಿದ್ದೀರಮ್ಮ?" ಎಂದರು ವೆಂಕಟರಮಣಪ್ಪ.

"ಅಲ್ಲಿ ಕಸದ ಡಬ್ಬಿ ಓದಾಕತ್ತಾರಲ್ರೀ, ಅವರ ಜೋಡಿ."

ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಬಸಲಿಂಗ ಮುಂದೆ ಬಂದು, ಆರು ವರ್ಷ ಕಲಿತ ಬೆಂಗಳೂರು ಕನ್ನಡವನ್ನೆಲ್ಲ ಒಟ್ಟುಗೂಡಿಸಿದ. "ಸಾರ್, ತಪ್ಪಾಯ್ತು ಸಾರ್. ಅವಳು ಅಕ್ಕನ್ನ ಪುಂಡಿ ಅಂದಿಲ್ಲ, ಸೊಪ್ಪನ್ನ ಅಂದಿದ್ದು. ಸೊಪ್ಪಿಗೆ ನಮ್ಮ ಕಡೆ ತಪ್ಪಲ ಅಂತೀವಿ. ಏನ್ ಹಾಳಾಗಿದೆಯೋ ಅದನ್ನ ನಾನು ತುಂಬಿಕೊಡ್ತೀನಿ. ನೀವು ಏನ್ ತಂದುಕೊಡು ಅಂತೀರೋ ಅದನ್ನ ತಂದುಕೊಡ್ತೀನಿ. ಬಸಲಿಂಗನ ಮಾತು ಸಾರ್ ಇದು, ಕಬ್ಬಿಣ!"

"ಸೊಪ್ಪಾ? ರೀ, ಇದು ಹೈಬಿಸ್ಕಸ್ ಸಬ್ದಾರಿಫಾ. ಆಫ್ರಿಕಾದ ಗಿಡ. ಮೊದಲೇ ಏನೋ ಹುಳ ಬಿದ್ದು ವಾರವಾರ ಎಲೆ ಮಾಯ ಆಗ್ತಿದೆ. ಬೇವಿನೆಣ್ಣೆ ಹೊಡೆದು ಹೊಡೆದು ಸಾಕಾಗಿದೆ ನನಗೆ."

"ಹುಳಾ ಎಲ್ರಿ? ಎಲಿ ಒಂದೂ ತೂತಿಲ್ಲ," ಎಂದಳು ಮಹಾನಂದಾ, ಉಡಿಯಿಂದ ಒಂದು ಎಸಳು ತೆಗೆದು ಕಮಲಮ್ಮನ ಕೈಗಿಟ್ಟು. "ತಿಂದು ನೋಡ್ರಿ ಅಕ್ಕಾರ, ಹೆಂಗ ಹುಳಿ ಐತಿ."

ಕಮಲಮ್ಮ ತಿನ್ನಲಿಲ್ಲ. ಅವಳ ಮುಖದ ಸಿಟ್ಟೆಲ್ಲ ಇಳಿಯಿತು. "ಅಯ್ಯೋ, ನೀನು ಗೋಂಗೂರಕ್ಕಾ ಪುಂಡಿ ಅಂತಿರೋದು? ಮೊದ್ಲೇ ಏಳಬಾರ್ದಾ? ಬರೀ ಸೊಪ್ಪು ಆಕಿದ್ರೆ ವಿಪರೀತ ಹುಳಿ ಕಣಮ್ಮ ಇದು, ಜೊತೆಗೆ ಒಂದಿಡಿ ತೊಗರಿಬೇಳೆ ಆಕಬೇಕು."

ವೆಂಕಟರಮಣಪ್ಪನವರು ಕನ್ನಡಕ ಕೆಳಗಿಳಿಸಿದರು.

"ಕಮಲಮ್ಮ, ಈ ಪಾತಿ ಸೊಪ್ಪಿನ ಹುಳಿ ನಿನಗೆ ಹೇಗೆ ಗೊತ್ತು?"

ಕಮಲಮ್ಮ ಕುಡುಗೋಲನ್ನು ಬೆನ್ನ ಹಿಂದೆ ಸರಿಸಿದಳು. ಹೊಡೆದ ಬೇವಿನೆಣ್ಣೆಗೆಲ್ಲ ಸಾಯದ ಹುಳ ಯಾವುದೆಂದು ಎಲ್ಲರಿಗೂ ಗೊತ್ತಾಯಿತು. ಸುತ್ತಲಿದ್ದವರು ನಕ್ಕರು, ಮೇಷ್ಟರೂ ನಗಬೇಕಾಯಿತು. ಹುಳವೂ ತಲೆ ತಗ್ಗಿಸಿ ನಕ್ಕಿತು.

"ಕುಡಿ ಚಿವುಟಿದ್ರ ಇದು ಛಲೋ ಕವಲು ಒಡೀತೈತ್ರಿ," ಎಂದು ಮಹಾನಂದಾ ಹೊಸ ಗೆಳತಿಯ ಪರವಾಗಿ ವಾದ ಹೂಡಿದಳು. "ನಮ್ಮಪ್ಪನ ಹೊಲದಾಗ ಕೆಂಪು ಪುಂಡಿ, ಬಿಳಿ ಪುಂಡಿ ಎರಡೂ ಅದಾವು."

ವೆಂಕಟರಮಣಪ್ಪನವರ ಕಿವಿ ನಿಮಿರಿತು. "ಬಿಳೀದೂ ಇದೆಯಾ? ನಮ್ಮಲ್ಲಿ ಇದ್ದದ್ದು ಎಂದೋ ಹೋಯ್ತು. ಅದರ ಬೀಜ ತಂದುಕೊಡಿ, ಸಾಕು. ಬೇರೇನೂ ಬೇಡ. ಹೇಗೂ ನಿಮ್ಮ ಯಜಮಾನರು ಮಾತು ಕೊಟ್ಟಿದ್ದಾರಲ್ಲ."

ಮಹಾನಂದಾ ಗಂಡನ ಮುಖ ನೋಡಿದಳು. "ತರಬೇಕಂದ್ರ ಪಂಚಮಿಗೆ ಹೋಗಬೇಕಾಗ್ತೈತ್ರಿ. ಆದ್ರ ಮನ್ಯಾಗಿರೂದು ಹ್ವಾದ ವರ್ಷದ ಬೀಜ. ಹೊಸಾದು ಬಲಿಯೂದು ಸಂಕ್ರಾಂತಿಗೆ."

"ಎರಡೂ ಬೇಕು," ಎಂದರು ಮೇಷ್ಟರು. "ಒಂದು ಮೊಳೆಯದಿದ್ದರೆ ಇನ್ನೊಂದು."

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ಒಂದು ಪಂಚಮಿ ತಪ್ಪಿಸಲು ಹೊರಟ ಬಸಲಿಂಗ, ಅಷ್ಟು ಜನರ ಎದುರು "ಆಗ್ಲಿ ಸಾರ್" ಎಂದು ಸಂಕ್ರಾಂತಿಯನ್ನೂ ಕೈಯಾರೆ ಬರೆದುಕೊಟ್ಟ. ಕಮಲಮ್ಮ ಉಡಿಯ ಸೊಪ್ಪನ್ನೆಲ್ಲ ಕವರಿಗೆ ಹಾಕಿ, "ತಗೊಂಡೋಗಮ್ಮ ಪುಂಡಿ," ಎಂದು ಪ್ರೀತಿಯಿಂದ ಕಳಿಸಿದಳು.

ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಬುತ್ತಿ ಬಿಚ್ಚಿದರು. ಬಸಲಿಂಗ ರೊಟ್ಟಿ ಮುರಿದ, ಬಾಯಿಗಿಡಲಿಲ್ಲ. ನೆಲ ನೋಡುತ್ತ ಹೇಳಿದ:

"ಬಸ್ಸಿನ ಗದ್ದಲಕ್ಕ ಅಲ್ಲ ನಾ ಬ್ಯಾಡಂದಿದ್ದು. ರೊಟ್ಟಿಗೂ ಅಲ್ಲ. ನೀ ಇಲ್ಲದಿದ್ರ ಮನಿ ಬಣಬಣ ಅಂತೈತಿ. ಕೆಲಸ ಮುಗದ ಮ್ಯಾಲ ಒಳಗ ಕಾಲಿಡಾಕ ಮನಸ್ಸ ಬರೂದಿಲ್ಲ."

ಮಹಾನಂದಾಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮದುವೆಯಾಗಿ ಏಳು ವರ್ಷಕ್ಕೆ ಅವಳು ಕೇಳಿದ ಮೊದಲ ಸಿಹಿ ಮಾತು ಅದು. ಕಣ್ಣು ತುಂಬಿ ಬಂದವು.

"ಅಯ್ಯ, ಈ ಮಾತು ನಿನ್ನೆ ಹೇಳಿದ್ರ ನಾ ಹೋಗ್ತಿದ್ದಿಲ್ಲಲ್ರೀ," ಎಂದಳು.

ಬಸಲಿಂಗ ಆಸೆಯಿಂದ ತಲೆಯೆತ್ತಿದ. "ಹಂಗಾರ ಈಗ?"

"ಈಗ ಹೆಂಗ ಬಿಡಾಕ ಬರ್ತೈತಿ? ಗಂಡ ಕೊಟ್ಟ ಮಾತು ಹೆಂಡತಿ ನಡಸಬೇಕಲ್ಲ."