ದೊಡ್ಡಮ್ಮನ ಗೈಡು

ನಮ್ಮ ದೊಡ್ಡಮ್ಮ ನಂಬುವಂಥ ಮನುಷ್ಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಡೊಂಬಿವ್ಲಿ ಸ್ಟೇಷನ್ನಿಗೆ ಲೋಕಲ್ ರೈಲು ಬಂದು ನಿಂತರೂ ಬೋರ್ಡು ಓದಿ, ಒಳಗಿರುವ ಇಬ್ಬರನ್ನು ಕೇಳಿ, ಆಮೇಲೆ ಹತ್ತಲು ಹೋಗುತ್ತಾರೆ. ಅಷ್ಟರಲ್ಲಿ ಲೋಕಲ್ ಹೋಗಿರುತ್ತದೆ. ಇಂಥವರು ಅರವತ್ತೊಂದನೇ ವಯಸ್ಸಿನಲ್ಲಿ ಶೈಕ್ಷಣಿಕ ನಾಯಕತ್ವ ಮತ್ತು ಪಠ್ಯಕ್ರಮದಲ್ಲಿ ಪಿಎಚ್.ಡಿ. ಮಾಡುತ್ತೇನೆಂದಾಗ ಸಂಶಯಪಡುವ ಸರದಿ ನಮ್ಮದಾಯಿತು. ಇದರಲ್ಲಿ ಏನೋ ಇದೆ ಅನ್ನಿಸಿತು.

"ಒಳ್ಳೆ ಗೈಡ್ ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ" ಎಂದರು ಒಂದು ದಿನ. ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವೆ ಹೋಟೆಲ್ ನಡೆಸುವ ದೊಡ್ಡಪ್ಪ ಅಂದೇ ಸಂಜೆ ಗೈಡ್ ತಂದುಬಿಟ್ಟರು. ಹತ್ತನೇ ಕ್ಲಾಸಿನದು!

"ಪಿಎಚ್.ಡಿ.ದು ಸ್ಟಾಕ್ ಇಲ್ಲ ಅಂದ ಅಂಗಡಿಯವ, ಮಾರಾಯ್ತಿ. ಇದನ್ನು ಓದು, ಬೇಸಿಕ್ ಗಟ್ಟಿ ಆಗ್ತದೆ."

ಗೈಡ್ ಅಂದರೆ ದಾರಿ ತೋರಿಸುವ ಪ್ರೊಫೆಸರು ಎಂದು ವಿವರಿಸುವುದು ಬಿಟ್ಟು ದೊಡ್ಡಮ್ಮ ಪುಟ ತಿರುವಿ, "ಹಳೇ ಎಡಿಶನ್ ದಾಟಿಸಿದ್ದಾನೆ ಅವ" ಎಂದರು.

ಅವರು ಮುಖ್ಯೋಪಾಧ್ಯಾಯಿನಿಯಾಗಿದ್ದ ಕನ್ನಡ ಶಾಲೆ ಅವರ ಕಾಲದಲ್ಲೇ ಮುಚ್ಚಿತ್ತು. ಮಕ್ಕಳು ಬಿಟ್ಟುಹೋದದ್ದೇಕೆ? ಇದೇ ಸಂಶೋಧನೆ. ಕಲ್ಯಾಣ, ತುರ್ಭೆ, ಟಿಟ್ವಾಳಾ ಎಂದು ಊರೂರು ತಿರುಗಿ ಹಳೆಯ ವಿದ್ಯಾರ್ಥಿಗಳಿಂದ ಪ್ರಶ್ನೆಗಳ ಫಾರ್ಮ್ ತುಂಬಿಸಿಕೊಂಡರು. ಎಲ್ಲರದೂ ಒಂದೇ ಉತ್ತರ: ಶಾಲೆ ದೂರ.

"ಗೇಟಿನ ಎದುರು ಮನೆಯಿದ್ದವನೂ ದೂರ ಅಂತ ಬರೆದಿದ್ದಾನೆ. ಶಾಲೆ ಎಂತ, ನಡೆದುಕೊಂಡು ಹೋಯ್ತಾ?"

ಕೊನೆಗೆ ಫಾರ್ಮ್ ನನಗೂ ಬಂತು. ಮೂರನೇ ಕ್ಲಾಸಿನಲ್ಲಿ ಹಟ ಮಾಡಿ ಆ ಶಾಲೆ ಬಿಟ್ಟವಳು ನಾನು. ಎಲ್ಲರಂತೆ 'ದೂರ' ಎಂದೇ ಬರೆದುಕೊಟ್ಟೆ. ದೊಡ್ಡಮ್ಮ ಕನ್ನಡಕ ತೆಗೆದರು.

"ದಿನಾ ನನ್ನ ಕೈ ಹಿಡಿದುಕೊಂಡು ಬರ್ತಿದ್ದವಳು ನೀನು. ನಿಂಗೆ ಎಂತದು ದೂರ?" ಫಾರ್ಮನ್ನು ಪಕ್ಕಕ್ಕಿಟ್ಟರು. "ನನ್ನಿಂದಲೇ ಹೋದದ್ದಲ್ವಾ ಎಲ್ಲರೂ?"

ಜಗತ್ತನ್ನೆಲ್ಲ ಸಂಶಯಪಡುವ ಈ ಹೆಂಗಸು ಇಷ್ಟು ವರ್ಷ ಸಂಶಯಪಟ್ಟದ್ದು ತನ್ನನ್ನೇ ಎಂದು ಆಗ ತಿಳಿಯಿತು. ಸಂಕಟವಾಯಿತು. ಆದರೆ ಸುಳ್ಳು ಹೇಳಿದರೆ ಅವರು ನಂಬಬೇಕಲ್ಲ?

"ಎಲ್ಲರದು ಗೊತ್ತಿಲ್ಲ ದೊಡ್ಡಮ್ಮ. ನಾನೊಮ್ಮೆ ಕ್ಲಾಸಿನಲ್ಲಿ ಬಾಯಿ ತಪ್ಪಿ 'ಪಾನಿ' ಅಂದೆ. ಶಾಲೆಯಲ್ಲಿ ಕನ್ನಡವೇ ಆಡಬೇಕು ಅಂತ ಬೆಲ್ ಹೊಡೆಯುವವರೆಗೆ ನಿಲ್ಲಿಸಿದಿರಿ. ಆಮೇಲೆ ನೀರು ಕೇಳಲಿಕ್ಕೇ ಹೆದರಿಕೆ."

ಅವರು ಅದನ್ನು ಅಕ್ಷರ ಬಿಡದೆ ಫಾರ್ಮಿನಲ್ಲಿ ಬರೆದುಕೊಂಡರು. ಎದ್ದು ಅಡುಗೆಮನೆಗೆ ಹೋದರು. ಒಂದು ಲೋಟ ತುಂಬಿಸಿ ತಂದು ನನ್ನ ಮುಂದಿಟ್ಟರು.

"ಪಾನಿ ಕುಡಿ ಮಗಾ" ಎಂದರು.