ಹಿತಕಿದ ಬೇಳೆ ಸಾರಿಗೊಂದು ಥ್ಯಾಂಕ್ಸ್

ದೊಮ್ಮಲೂರಿನ ಮುನಿಆಂಜನಪ್ಪ ಅರವತ್ತೆರಡು ವರ್ಷ ಯಾರಿಗೂ ಥ್ಯಾಂಕ್ಸ್ ಹೇಳದೆ ಸುಖವಾಗಿದ್ದ. ಹೇಳಿದ ದಿನವೇ ಕೆಟ್ಟ.

ತಪ್ಪು ಅವನದಲ್ಲ, ಬಿ.ಪಿ.ಯದು. ಜೋಗುಪಾಳ್ಯದ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮುಖ ಸಿಂಡರಿಸಿ ಮಾತ್ರೆ ಬರೆದುಕೊಟ್ಟರು. ಜೊತೆಗೆ ಇನ್ನೊಂದು ಔಷಧವನ್ನೂ ಹೇಳಿದರು. ದಿನಾ ಬೆಳಗ್ಗೆ ಮನೆಯವರಲ್ಲಿ ಒಬ್ಬರಿಗೆ, ಅವರು ಮಾಡುವ ಯಾವುದಾದರೂ ಕೆಲಸಕ್ಕೆ ಮನಸಾರೆ ಥ್ಯಾಂಕ್ಸ್ ಹೇಳಬೇಕು, ಮೂರು ವಾರದಲ್ಲಿ ಬಿ.ಪಿ. ತಾನಾಗಿ ಇಳಿಯುತ್ತದೆ. ಖರ್ಚಿಲ್ಲದ ಔಷಧವೆಂದು ಮುನಿಆಂಜನಪ್ಪ ಒಪ್ಪಿಕೊಂಡ.

ಅವನ ಬಿ.ಪಿ.ಗೆ ಕಾರಣ ಬೀದಿಗೆಲ್ಲ ಗೊತ್ತಿತ್ತು. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ರಸ್ತೆ, ಆಫೀಸು ಆಗಿಹೋದ ಮೇಲೆ ಅವನಿಗೆ ಉಳಿದಿದ್ದ ಹೆಮ್ಮೆ ಒಂದೇ, ಒಂದೇ ಒಲೆಯ ಮನೆ. ತಮ್ಮಂದಿರೆಲ್ಲ ಅಂಗಳಕ್ಕೆ ಅಡ್ಡಗೋಡೆ ಎಬ್ಬಿಸಿಕೊಂಡು ಬೇರೆಯಾಗಿದ್ದರು. ತಾನು ಬದುಕಿರುವ ತನಕ ಇಬ್ಬರು ಮಕ್ಕಳು, ಇಬ್ಬರು ಸೊಸೆಯರು ಒಂದೇ ಪಾತ್ರೆಯದನ್ನು ಉಣ್ಣಬೇಕು ಅನ್ನುವುದು ಅವನ ಆಸೆ. ಸೊಸೆಯರು ತಟ್ಟೆಯನ್ನು ಕೊಂಚ ಜೋರಾಗಿ ಇಟ್ಟರೂ ಅವನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

ಡಿಸೆಂಬರಿನ ಆ ಬೆಳಗ್ಗೆ ಹೊರಗೆ ಫ್ಲೈಓವರ್ ಕೆಲಸದ ಧೂಳು, ಒಳಗೆ ಹಿತಕಿದ ಬೇಳೆ ಸಾರಿನ ಘಮ. ಕಿರಿಸೊಸೆ ನಿಖಿತಾ ಮುದ್ದೆ ಇಟ್ಟು ಸಾರು ಬಿಟ್ಟಳು. ಎರಡು ತುತ್ತು ನುಂಗಿದ ಮೇಲೆ ಅವನಿಗೆ ಡಾಕ್ಟರು ನೆನಪಾದರು. ಗಂಟಲು ಸರಿಮಾಡಿಕೊಂಡ.

“ಸಾರು ತುಂಬಾ ಚೆನ್ನಾಗಿದೆ ಕಣಮ್ಮ. ಥ್ಯಾಂಕ್ಸ್.”

ನಿಖಿತಾ ಸೌಟು ಹಿಡಿದು ಹಾಗೇ ನಿಂತುಬಿಟ್ಟಳು. ಏನೋ ಹೇಳಲು ಬಾಯಿ ತೆರೆದಳು. ಆದರೆ ಥ್ಯಾಂಕ್ಸ್ ಹೇಳಿದ ಮೇಲೆ ಏನು ಮಾಡಬೇಕೆಂದು ಡಾಕ್ಟರು ಹೇಳಿಕೊಟ್ಟಿರಲಿಲ್ಲ. ಮುನಿಆಂಜನಪ್ಪ ಮದುವಣಗಿತ್ತಿಯ ಹಾಗೆ ನಾಚಿಕೊಂಡು, ಉಳಿದ ಮುದ್ದೆಯನ್ನು ಗುಳುಂ ಮಾಡಿ ಜಗಲಿಗೆ ಓಡಿದ.

ಅಡುಗೆಮನೆಯಲ್ಲಿ ಪಾತ್ರೆಯೊಂದು ದಢಾರೆಂದು ಬಿತ್ತು. ಹಿರಿಸೊಸೆ ಪದ್ಮಶ್ರೀ ಹಿಂದಿನ ದಿನ ಮಧ್ಯಾಹ್ನವೆಲ್ಲ ಕೂತು ಒಂದು ಬೇಸಿನ್ ನೆನೆಸಿದ ಅವರೆಕಾಳು ಹಿತುಕಿದ್ದಳು. ಅವಳ ಬೆರಳ ತುದಿ ಇನ್ನೂ ಸುಕ್ಕುಗಟ್ಟಿಕೊಂಡಿತ್ತು. ಥ್ಯಾಂಕ್ಸ್ ನೋಡಿದರೆ ಸೌಟು ಹಿಡಿದವಳಿಗೆ ಹೋಗಿತ್ತು. ಅವಳ ಹೊಟ್ಟೆ ಉರಿದಿದ್ದರಲ್ಲಿ ತಪ್ಪೇನೂ ಇಲ್ಲ.

ಪಾತ್ರೆ ಬಿದ್ದ ಸದ್ದಿಗೆ ಅಡ್ಡಗೋಡೆಯ ಆಚೆಯಿಂದ ತಮ್ಮನ ಹೆಂಡತಿ ಜಟ್ಟೆಮ್ಮ ಪ್ರತ್ಯಕ್ಷಳಾದಳು. ಕರಿಬೇವು ಬೇಕಿತ್ತಂತೆ. ಅವಳ ಹಿತ್ತಲಲ್ಲೇ ಆಳೆತ್ತರದ ಕರಿಬೇವಿನ ಗಿಡವಿತ್ತು, ಅದು ಬೇರೆ ವಿಷಯ. ಹನ್ನೊಂದು ಗಂಟೆಯ ಹೊತ್ತಿಗೆ ಸುದ್ದಿ ಹಾಲಿನ ಬೂತು ದಾಟಿತ್ತು. ದಾಟುವಾಗ ಸ್ವಲ್ಪ ಬೆಳೆದೂ ಇತ್ತು. ಮುನಿಆಂಜನಪ್ಪ ಮನೆಯನ್ನೇ ಕಿರಿಸೊಸೆಗೆ ಬರೆದುಕೊಡುತ್ತಾನಂತೆ, ಅದಕ್ಕೇ ಈ ಉಪಚಾರವಂತೆ.

“ಕಾಗದ ಎಲ್ಲಾ ಆಗೋಯ್ತಾ ಭಾವ?” ಎಂದು ಜಟ್ಟೆಮ್ಮ ಬಂದು ಕೇಳಿದಾಗ ಅವನಿಗೆ ತಲೆಬುಡ ತಿಳಿಯಲಿಲ್ಲ. ತಿಳಿದಾಗ ಮೈಯೆಲ್ಲ ಬೆವರಿತು.

ಒಂದು ಡೋಸಿನಿಂದ ಆದದ್ದು ಇನ್ನೊಂದು ಡೋಸಿನಿಂದ ಹೋಗಬಹುದು ಎಂದುಕೊಂಡು, ಬಟ್ಟೆ ಮಡಿಸುತ್ತಿದ್ದ ಪದ್ಮಶ್ರೀಯ ಮುಂದೆ ಹೋಗಿ ನಿಂತ. ನಿನಗೂ ಥ್ಯಾಂಕ್ಸ್ ಅಂದ.

“ಯಾತಕ್ಕೆ ಮಾವ?”

ಅದನ್ನು ಅವನು ಯೋಚಿಸಿರಲಿಲ್ಲ. ಸೂರು ನೋಡಿದ, ನೆಲ ನೋಡಿದ. ಕೊನೆಗೆ, “ನೀನು ಯಾವತ್ತೂ ಗಲಾಟೆ ಮಾಡಲ್ವಲ್ಲ, ಅದಕ್ಕೆ” ಎಂದ.

ಗಲಾಟೆ ಅಲ್ಲಿಂದ ಶುರುವಾಯಿತು. ಪದ್ಮಶ್ರೀ ಅಟ್ಟದ ಮೇಲಿದ್ದ ಸೀಮೆಎಣ್ಣೆ ಸ್ಟವ್ ಇಳಿಸಿಕೊಂಡು, ಉಳಿದ ಬೇಳೆಯನ್ನೂ ಎತ್ತಿಕೊಂಡು ತಾರಸಿಗೆ ಹೋದಳು. ತಾನೇನು ಥ್ಯಾಂಕ್ಸ್ ಕೇಳಿದ್ದೆನೇ ಎಂದು ನಿಖಿತಾ ಕೋಣೆಯ ಬಾಗಿಲು ಹಾಕಿಕೊಂಡಳು. ಹೊಸ ತಿಪ್ಪಸಂದ್ರದ ತನ್ನ ಅಂಗಡಿಗೆ ಬಾಗಿಲೆಳೆದು ಹಿರಿಮಗ ಜಗನ್ ಸ್ಕೂಟರಿನಲ್ಲಿ ಬಂದ. ಬೇರೆ ಹಾಕುವುದಿದ್ದರೆ ನೇರವಾಗಿ ಹೇಳಬೇಕಿತ್ತು, ಸಾರಿನ ನೆಪ ಯಾಕೆ ಎಂದು ಅಪ್ಪನನ್ನು ಕೇಳಿದ. ಚಿಕ್ಕಮಗ ಫೋನಿನಲ್ಲೇ ಹೆಂಡತಿಯ ಪರ ವಹಿಸಿಕೊಂಡ. ಮಧ್ಯಾಹ್ನ ಮುನಿಆಂಜನಪ್ಪನಿಗೆ ಊಟಕ್ಕೆ ಏಳಿ ಅನ್ನುವವರಿಲ್ಲ. ಹೆಂಡತಿ ಅಣ್ಣಮ್ಮ ಯಾವ ಕಡೆಗೂ ಸೇರದೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ತಾರಸಿಯಿಂದ ಎರಡನೇ ಸಾರಿನ ವಾಸನೆ ಇಳಿದು ಬಂದಾಗ, ಅವನು ತನ್ನ ಮನೆ ಒಡೆದೇಹೋಯಿತು ಎಂದು ತಲೆಯ ಮೇಲೆ ಕೈಹೊತ್ತು ಕೂತ. ನಿಜಕ್ಕೂ ಅಳು ಬಂದಿತ್ತು.

ಸಂಜೆ ಐದಕ್ಕೆ ಕುಲದ ಯಜಮಾನ ಮುನಿರಾಜಪ್ಪನನ್ನು ಕರೆಸಿದರು. ಮುನಿರಾಜಪ್ಪ ಹೊಲದ ಬದುವಿನ ನ್ಯಾಯ ಹೇಳಿದ್ದ, ಬಾವಿಯ ನ್ಯಾಯ ಹೇಳಿದ್ದ, ಸಾರಿನ ನ್ಯಾಯ ಇದೇ ಮೊದಲು. ಜಗಲಿಯ ಮೇಲೆ ಕೂತು ಒಂದೊಂದಾಗಿ ವಿಚಾರಿಸಿದ. ಕಾಳು ಹಿತುಕಿದ್ದು ಪದ್ಮಶ್ರೀ. ಬಡಿಸಿದ್ದು ನಿಖಿತಾ.

“ಸರಿ. ಖಾರ ರುಬ್ಬಿ ಸಾರು ಕಾಯ್ಸಿದ್ದು ಯಾರು?”

ಪದ್ಮಶ್ರೀ ನಿಖಿತಾಳ ಮುಖ ನೋಡಿದಳು, ನಿಖಿತಾ ನೆಲ ನೋಡಿದಳು. ಬೆಳಗ್ಗೆ ತಾನು ಹೇಳಲು ಹೋಗಿದ್ದೇ ಅದನ್ನು, ಮಾವ ಕೇಳಿಸಿಕೊಳ್ಳದೆ ಎದ್ದುಹೋದರು ಎಂದು ಮೆಲ್ಲಗೆ ಹೇಳಿದಳು. ಜಟ್ಟೆಮ್ಮನೂ ಸುಮ್ಮನಾದಳು ಎಂದರೆ ಎಂಥ ಹೊತ್ತೆಂದು ಲೆಕ್ಕ ಹಾಕಿಕೊಳ್ಳಿ. ಎಲ್ಲರೂ ಬಾಗಿಲ ಕಡೆ ತಿರುಗಿದರು. ಅಲ್ಲಿ ಅಣ್ಣಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

“ಮೂವತ್ತಾರು ವರ್ಷದಿಂದ ಮಾಡ್ತಿದ್ದೀನಿ. ಇವತ್ತೇ ಇವರು ಚೆನ್ನಾಗಿದೆ ಅಂದಿದ್ದು. ಅದೂ ಇನ್ನೊಬ್ಬಳಿಗೆ.”

ಮುನಿಆಂಜನಪ್ಪ ಎದ್ದು ನಿಂತ. ಹೇಳಬೇಕಾದ ಮಾತು ನಾಲಿಗೆಯ ತುದಿಗೇ ಬಂದಿತ್ತು.

“ಬೇಡ, ಹೇಳ್ಬೇಡಿ. ಪಂಚಾಯ್ತಿ ಸೇರ್ಸಿ ಹೇಳಿಸ್ಕೊಳೋ ಅಂಥದ್ದು ನಂಗೆ ಬೇಡ,” ಎಂದು ಅಣ್ಣಮ್ಮ ಒಳಗೆ ಹೋದಳು.

ಸೊಸೆಯರಿಬ್ಬರೂ ಒಬ್ಬರ ಹಿಂದೊಬ್ಬರು ಅತ್ತೆಯ ಹಿಂದೆ ಓಡಿದರು. ಇಡೀ ದಿನ ಮರೆತಿದ್ದ ನಾಚಿಕೆ ಇಬ್ಬರಿಗೂ ಒಟ್ಟಿಗೇ ಬಂದಿತ್ತು. ಅರ್ಧ ಗಂಟೆಯಲ್ಲಿ ಸ್ಟವ್ ತಾರಸಿಯಿಂದ ಕೆಳಗಿಳಿಯಿತು. ಒಳಗೆ ಮೂವರೂ ನಗುವುದು ಕೇಳಿಸಿತು. ಅಂತೂ ಮನೆ ಉಳಿಯಿತು ಎಂದು ಮುನಿಆಂಜನಪ್ಪ ನಿಟ್ಟುಸಿರು ಬಿಟ್ಟ. ಬಿ.ಪಿ. ಇಳಿದ ಹಾಗೂ ಅನ್ನಿಸಿತು.

ಆಗ ಪದ್ಮಶ್ರೀ ಅದೇ ಸ್ಟವ್ ತಂದು ಜಗಲಿಯ ಮೇಲೆ, ಅವನ ಪಕ್ಕದಲ್ಲಿ ಇಟ್ಟಳು. ನಿಖಿತಾ ಒಂದು ಡಬ್ಬಿ ರಾಗಿಹಿಟ್ಟು ಇಟ್ಟಳು.

“ಅತ್ತೆ ಕಳ್ಸಿದ್ರು ಮಾವ. ಇವತ್ತಿಂದ ನಿಮ್ದು ಬೇರೆ.”

ಮಕ್ಕಳ ಕಡೆ ನೋಡಿದ. ಜಗನ್ ಆಗಲೇ ತಟ್ಟೆ ಹಿಡಿದು ಒಳಗೆ ಕೂತಿದ್ದ. ಯಜಮಾನನಾದರೂ ನ್ಯಾಯ ಹೇಳಲಿ ಎಂದು ತಿರುಗಿದರೆ, ಅವನನ್ನೂ ಊಟಕ್ಕೆ ಕರೆದೊಯ್ದಿದ್ದರು. ಮುನಿಆಂಜನಪ್ಪ ಸ್ಟವ್‌ಗೆ ಪಂಪು ಹೊಡೆದ. ಎಷ್ಟು ಹೊಡೆದರೂ ಅದು ಹೊಗೆ ಬಿಟ್ಟಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಒಲೆ ಹಚ್ಚುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವನೂ ಕೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮುನಿರಾಜಪ್ಪ ತೇಗುತ್ತ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡ.

“ಸಾರು ಅಂದ್ರೆ ಇದಪ್ಪ. ಅಣ್ಣಮ್ಮಂಗೆ ಥ್ಯಾಂಕ್ಸ್ ಹೇಳ್ಬಂದೆ. ಪಾಪ, ಎಷ್ಟು ಖುಷಿಪಟ್ಳು ಗೊತ್ತಾ?”